ಒಂದೇ ವರ್ಷ ಪಿಯುಸಿ ಮುಗಿಸಿದ ಇಬ್ಬರಲ್ಲಿ ಒಬ್ಬಳು ಕ್ಯಾಪ್ಟನ್, ಒಬ್ಬ ಲೆಫ್ಟಿನೆಂಟ್: ಸೇನೆ ಪದವಿಯನ್ನು ಅಳೆಯುವ ಕೋಲು ಯಾವುದು?

ಹುಬ್ಬಳ್ಳಿಯ ಸೋದರಮಾವ:

ನಮ್ಮ ಮನೆಯ ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ಎದ್ದ ವಾದವೊಂದು ಇನ್ನೂ ಇತ್ಯರ್ಥವಾಗಿಲ್ಲ. ಹಾಗಾಗಿ ಅದನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ನನ್ನ ಅಕ್ಕನ ಮಗಳೂ ತಂಗಿಯ ಮಗನೂ ಒಂದೇ ವರ್ಷ ಪಿಯುಸಿ ಮುಗಿಸಿದವರು. ಅವನು ಮೆಕ್ಯಾನಿಕಲ್ ಬಿಇ ಮಾಡಿ, ಇಂಜಿನಿಯರಿಂಗ್ ಪದವೀಧರರಿಗೆಂದೇ ಇರುವ ಟಿಜಿಸಿ (ಟೆಕ್ನಿಕಲ್ ಗ್ರ್ಯಾಜುಯೇಟ್ ಕೋರ್ಸ್) ಮೂಲಕ ಆಯ್ಕೆಯಾಗಿ, ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ವರ್ಷವಿಡೀ ಮೈ ಬಗ್ಗಿಸಿ, ಕಳೆದ ಜೂನ್‌ನಲ್ಲಿ ಲೆಫ್ಟಿನೆಂಟ್ ಆದ. ಅವಳು ಎಂಬಿಬಿಎಸ್ ಮತ್ತು ಹೌಸ್ ಸರ್ಜನ್ಸಿ ಮುಗಿಸಿ, ದೆಹಲಿಗೆ ಹೋಗಿ ಸಂದರ್ಶನಕ್ಕೂ ದೇಹ ತಪಾಸಣೆಗೂ ಹಾಜರಾಗಿ ಬಂದು, ಅವನಿಗಿಂತ ಐದಾರು ತಿಂಗಳು ತಡವಾಗಿ ಆರ್ಮಿ ಮೆಡಿಕಲ್ ಕೋರ್ ಸೇರಿದಳು. ಸೇರಿದ ದಿನವೇ ಅವಳ ಹೆಗಲ ಮೇಲೆ ಮೂರು ಸ್ಟಾರ್, ಅಂದರೆ ಕ್ಯಾಪ್ಟನ್.

ತಂಗಿಗೆ ಇದು ಸಹಜವಾಗಿಯೇ ಚುಚ್ಚಿದೆ. ನಾಲ್ಕು ವರ್ಷದ ಬಿಇ ಸಹ ವೃತ್ತಿಪರ ಪದವಿಯೇ ಅಲ್ಲವೇ, ಮೇಲಾಗಿ ಮೊದಲು ಸೇರಿದವನು ಕಿರಿಯನಾಗಿ ಆಮೇಲೆ ಬಂದವಳು ಹಿರಿಯಳಾಗುವುದು ಯಾವ ನ್ಯಾಯ ಎಂದು ಅವಳು ಕೇಳುತ್ತಾಳೆ. ಡಾಕ್ಟರಿಗೆ ಯಾವಾಗಲೂ ಮರ್ಯಾದೆ ಒಂದು ಕೈ ಮೇಲೆ ಎಂದು ಭಾವನವರು ತೀರ್ಪು ಕೊಟ್ಟುಬಿಟ್ಟರು. ಅದು ಉತ್ತರವಲ್ಲ ಎಂಬುದು ನನಗೂ ಗೊತ್ತು. ನಾನು ಬ್ಯಾಂಕಿನಲ್ಲಿ ದುಡಿದವನು, ಈ ಲೆಕ್ಕ ನನಗೆ ತಿಳಿಯದು. ನಿಯಮ ಏನು, ಅದರ ಹಿಂದಿನ ತರ್ಕ ಏನು ಎಂದು ಬಲ್ಲವರು ವಿವರಿಸಬೇಕಾಗಿ ವಿನಂತಿ.

ಸ್ಯಾಪರ್, ನಿವೃತ್ತ, ಮಡಿಕೇರಿ:

ನಾನು ಸ್ಯಾಪರ್, ಅಂದರೆ ಸೇನೆಯ ಇಂಜಿನಿಯರ್ ದಳದಲ್ಲಿದ್ದವನು. ಮೊದಲು ನಿಯಮ ಹೇಳುತ್ತೇನೆ, ತರ್ಕಕ್ಕೆ ಆಮೇಲೆ ಬರೋಣ. ಭಾರತೀಯ ಭೂಸೇನೆಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಎಂಬ ರ‍್ಯಾಂಕ್ ಈಗಿಲ್ಲವಾದ್ದರಿಂದ ಎರಡು ಸ್ಟಾರಿನ ಲೆಫ್ಟಿನೆಂಟ್ ಪಟ್ಟವೇ ಮೊದಲ ಮೆಟ್ಟಿಲು. ಪಿಯುಸಿ ನಂತರದ ಎನ್‌ಡಿಎ, ಪದವಿ ನಂತರದ ಸಿಡಿಎಸ್, ಟಿಜಿಸಿ, ಎನ್‌ಸಿಸಿ ವಿಶೇಷ ಪ್ರವೇಶ, ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ, ಯಾವ ಬಾಗಿಲಿನಿಂದ ಒಳಗೆ ಬಂದರೂ ಎಲ್ಲರೂ ಅಲ್ಲಿಂದಲೇ ಹತ್ತುತ್ತಾರೆ. ಎ.ವಿ. ಸಿಂಗ್ ಸಮಿತಿಯ ಶಿಫಾರಸು 2004ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಲೆಫ್ಟಿನೆಂಟ್ ಎರಡು ವರ್ಷಕ್ಕೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್, ಹದಿಮೂರು ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುತ್ತಾನೆ. ಇವಿಷ್ಟೂ ಕಾಲಮಾನದ ಬಡ್ತಿಗಳು. ಇಲಾಖೆಯ ಪರೀಕ್ಷೆಗಳನ್ನು ಪಾಸು ಮಾಡಿಕೊಂಡು, ನಡತೆಗೆ ಕಪ್ಪು ಚುಕ್ಕೆ ಬೀಳದಂತೆ ನೋಡಿಕೊಂಡರೆ ಸಿಗುವಂಥವು. ಆಯ್ಕೆಯ ಜರಡಿ ಶುರುವಾಗುವುದು ಕರ್ನಲ್ ಹುದ್ದೆಯಿಂದ.

ಈ ಮೊದಲ ಮೆಟ್ಟಿಲನ್ನು ದಾಟಿ ನೇರವಾಗಿ ಕ್ಯಾಪ್ಟನ್ ಆಗಿ ಸೇರುವವರು ಮೂರು ಬಗೆಯವರು. ಆರ್ಮಿ ಮೆಡಿಕಲ್ ಕೋರ್‌ನ ವೈದ್ಯರು, ಆರ್ಮಿ ಡೆಂಟಲ್ ಕೋರ್‌ನ ದಂತವೈದ್ಯರು ಮತ್ತು ನಾವು ಆರ್‌ವಿಸಿ ಎಂದು ಕರೆಯುವ ರಿಮೌಂಟ್ ಅಂಡ್ ವೆಟರ್ನರಿ ಕೋರ್‌ನ ಪಶುವೈದ್ಯರು. ವಾಯುಪಡೆಗೆ ಹೋಗುವ ವೈದ್ಯರು ಫ್ಲೈಟ್ ಲೆಫ್ಟಿನೆಂಟ್ ಆಗಿಯೂ, ನೌಕಾಪಡೆಗೆ ಹೋಗುವವರು ಸರ್ಜನ್ ಲೆಫ್ಟಿನೆಂಟ್ ಆಗಿಯೂ ಸೇರುತ್ತಾರೆ. ಹೆಸರು ಬೇರೆಯಾದರೂ ಎರಡೂ ಭೂಸೇನೆಯ ಕ್ಯಾಪ್ಟನ್‌ಗೆ ಸಮ. ನೌಕಾಪಡೆಯ ಲೆಫ್ಟಿನೆಂಟನನ್ನು ನಮ್ಮ ಲೆಫ್ಟಿನೆಂಟನಿಗೆ ಹೋಲಿಸಿ ಎಡವುವವರು ಬಹಳ ಮಂದಿ.

ಇನ್ನು ತರ್ಕ. ಪಿಯುಸಿ ಮುಗಿದ ದಿನದಿಂದ ಲೆಕ್ಕ ಹಾಕಿ. ಎನ್‌ಡಿಎ ಹುಡುಗ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಡೆಹ್ರಾಡೂನಿನಲ್ಲಿ ಒಂದು ವರ್ಷ ಕಳೆದು ನಾಲ್ಕನೆಯ ವರ್ಷದ ಕೊನೆಗೆ ಲೆಫ್ಟಿನೆಂಟ್ ಆಗುತ್ತಾನೆ, ಆರನೆಯ ವರ್ಷಕ್ಕೆ ಕ್ಯಾಪ್ಟನ್. ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಅರ್ಜಿ ಸಂದರ್ಶನ ಮುಗಿದು ಸೇರುವಾಗ ಆರು ವರ್ಷ. ಅಲ್ಲಿಗೆ ನಿಮ್ಮ ಅಕ್ಕನ ಮಗಳು ತನ್ನ ಓರಗೆಯ ಎನ್‌ಡಿಎ ಹುಡುಗನ ಪಕ್ಕಕ್ಕೇ ಬಂದು ನಿಂತಂತಾಯಿತು. ಅವಳಿಗೆ ಎರಡು ಸ್ಟಾರ್ ಕೊಟ್ಟಿದ್ದರೆ ಓದಿನ ವರ್ಷಗಳಿಗಾಗಿ ಎರಡು ವರ್ಷ ಹಿಂದೆ ಬೀಳುತ್ತಿದ್ದಳು. ಮೂರನೆಯ ಸ್ಟಾರ್ ಡಾಕ್ಟರಿಕೆಗೆ ಕೊಟ್ಟ ಬಹುಮಾನವಲ್ಲ, ಹೊರಗೆ ಕಳೆದ ಕಾಲಕ್ಕೆ ಕೊಟ್ಟ ಪರಿಹಾರ.

ಬಿಇ ಪದವೀಧರ, ದಾವಣಗೆರೆ:

ಸಾಹೇಬರ ಲೆಕ್ಕವನ್ನೇ ಹಿಡಿದು ಮುಂದೆ ಹೋಗುತ್ತೇನೆ, ದಯವಿಟ್ಟು ತಪ್ಪು ತಿಳಿಯಬಾರದು. ಇಂಜಿನಿಯರಿಗೆ ಬಿಇ ನಾಲ್ಕು ವರ್ಷ, ಬೆಂಗಳೂರಿನ ಸೆಲೆಕ್ಷನ್ ಸೆಂಟರಿನಲ್ಲೋ ಭೋಪಾಲಿನಲ್ಲೋ ಎಸ್‌ಎಸ್‌ಬಿ ಎಂಬ ಅಧಿಕಾರಿ ಆಯ್ಕೆ ಮಂಡಳಿಯ ಸಂದರ್ಶನ, ಮೆಡಿಕಲ್ ಬೋರ್ಡು, ಮೆರಿಟ್ ಪಟ್ಟಿಗೆ ಕಾಯುವುದು ಎಂದು ಕೆಲವು ತಿಂಗಳು, ಆಮೇಲೆ ಅಕಾಡೆಮಿಯಲ್ಲಿ ಒಂದು ವರ್ಷ. ಐದೂವರೆ ವರ್ಷಕ್ಕೆ ಅವನು ಲೆಫ್ಟಿನೆಂಟ್, ಏಳೂವರೆಗೆ ಕ್ಯಾಪ್ಟನ್. ಎನ್‌ಡಿಎ ಹುಡುಗ ಆರಕ್ಕೆ, ವೈದ್ಯೆ ಆರಕ್ಕೆ, ಇಂಜಿನಿಯರ್ ಮಾತ್ರ ಏಳೂವರೆಗೆ. ಪರಿಹಾರದ ತತ್ವ ಎಲ್ಲರಿಗೂ ಒಂದೇ ಆಗಿದ್ದರೆ ಇಂಜಿನಿಯರ್ ಯಾಕೆ ಹಿಂದುಳಿಯಬೇಕು?

ಇದು ನನ್ನ ಹೊಸ ಕೊರಗಲ್ಲ. ಸೇನೆಯೇ ಒಂದು ಕಾಲದಲ್ಲಿ ಇದನ್ನು ಒಪ್ಪಿಕೊಂಡಿತ್ತು. ಹಳೆಯ ಟಿಜಿಸಿ ಪ್ರಕಟಣೆಗಳಲ್ಲಿ ‘ಆಂಟಿಡೇಟ್ ಸೀನಿಯಾರಿಟಿ’ ಎಂಬ ಪ್ಯಾರಾ ಇರುತ್ತಿತ್ತು. ಇಂಜಿನಿಯರಿಂಗ್ ಪದವೀಧರನಿಗೆ ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ಆದ ದಿನಾಂಕವನ್ನು ಒಂದು ವರ್ಷ ಹಿಂದಕ್ಕೆ ಸರಿಸಿ ಜ್ಯೇಷ್ಠತೆ ಲೆಕ್ಕ ಹಾಕುತ್ತಿದ್ದರು. ಅಂದರೆ ಅವನೂ ಎರಡು ಸ್ಟಾರಿನಿಂದಲೇ ಶುರು ಮಾಡುತ್ತಿದ್ದ, ಆದರೆ ಒಂದೇ ವರ್ಷಕ್ಕೆ ಮೂರನೆಯದು ಬರುತ್ತಿತ್ತು. ಆರೂವರೆಗೆ ಕ್ಯಾಪ್ಟನ್, ಹೆಚ್ಚುಕಡಿಮೆ ಓರಗೆಯವರ ಸಾಲಿಗೇ. ಈಚಿನ ಪ್ರಕಟಣೆಗಳನ್ನು ತೆರೆದು ನೋಡಿ: ಇಂಜಿನಿಯರಿಂಗ್ ಶಾಖೆಗಳ ಅಧಿಕಾರಿಗಳಿಗೆ ಆಂಟಿಡೇಟ್ ಸೀನಿಯಾರಿಟಿ ಇರುವುದಿಲ್ಲ ಎಂದು ಅದೇ ಜಾಗದಲ್ಲಿ ಬರೆದಿದೆ. ಇದ್ದ ತಕ್ಕಡಿಯ ಒಂದು ತಟ್ಟೆಯಿಂದ ತೂಕದ ಕಲ್ಲನ್ನು ತೆಗೆದಿಟ್ಟು, ತಕ್ಕಡಿ ಸರಿಯಾಗಿಯೇ ಇದೆ ಎಂದರೆ ಹೇಗೆ?

ಸ್ಯಾಪರ್, ನಿವೃತ್ತ, ಮಡಿಕೇರಿ:

ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಆ ಒಂದು ವರ್ಷ ಹೋದದ್ದು ನನಗೂ ಹಿಡಿಸಿಲ್ಲ ಎಂದು ಮೊದಲೇ ಒಪ್ಪಿಬಿಡುತ್ತೇನೆ. ಆದರೂ ವೈದ್ಯರಿಗೂ ಇಂಜಿನಿಯರಿಗೂ ನಡುವೆ ವರ್ಷಗಳ ಲೆಕ್ಕಕ್ಕೆ ಸಿಗದ ಒಂದು ವ್ಯತ್ಯಾಸವಿದೆ. ವೈದ್ಯೆ ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡ ಮೊದಲ ದಿನವೇ ತಾನು ಓದಿದ್ದನ್ನು ಓದಿದ ಹಾಗೆಯೇ ಬಳಸುತ್ತಾಳೆ. ಬಿಇ ಮಾಡಿ ಬಂದವನ ಕಥೆ ಹಾಗಲ್ಲ. ನಾನು ಸಿವಿಲ್ ಓದಿ ಬಂದವನು. ಬೆಂಗಳೂರಿನ ಹಲಸೂರಿನಲ್ಲಿರುವ ಮದ್ರಾಸ್ ಇಂಜಿನಿಯರ್ ಗ್ರೂಪಿನ ಜವಾನರ ಜೊತೆ ನನ್ನ ಕೆಲಸ ಶುರುವಾಯಿತು, ನಮ್ಮವರನ್ನು ಪ್ರೀತಿಯಿಂದ ‘ಥಂಬಿ’ ಎನ್ನುತ್ತಾರೆ. ಮೊದಲ ವರ್ಷ ನನಗೆ ಬೇಕಾದದ್ದು ಸ್ಟ್ರಕ್ಚರಲ್ ಅನಾಲಿಸಿಸ್ ಅಲ್ಲ. ಕತ್ತಲಲ್ಲಿ ಮಾತಿಲ್ಲದೆ ಬೈಲಿ ಸೇತುವೆಯ (ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಉಕ್ಕಿನ ಸೇತುವೆ) ಪ್ಯಾನೆಲ್‌ಗಳನ್ನು ಜೋಡಿಸುವ ಮೂವತ್ತು ಜನರಲ್ಲಿ ಯಾರ ಕೈಗೆ ಏಟಾಗಬಹುದು ಎಂಬ ಅಂದಾಜು ಬೇಕಾಗಿತ್ತು, ಅದನ್ನು ಕಲಿಸಿದವರು ನನ್ನ ಸುಬೇದಾರ್ ಸಾಹೇಬರು. ಅಧಿಕಾರಿಯಾಗಿ ಕಲಿಯಬೇಕಾದ ಇಂಜಿನಿಯರಿಂಗ್ ಅನ್ನು ಪುಣೆಯ ಕಾಲೇಜ್ ಆಫ್ ಮಿಲಿಟರಿ ಇಂಜಿನಿಯರಿಂಗ್‌ನಲ್ಲಿ ಯಂಗ್ ಆಫೀಸರ್ಸ್ ಕೋರ್ಸಿನಲ್ಲಿ ಹೊಸದಾಗಿಯೇ ಹೇಳಿಕೊಟ್ಟರು. ಸೈನಿಕರನ್ನು ಮುನ್ನಡೆಸುವ ಕೆಲಸಕ್ಕೆ ಬಿಇ ಒಂದು ಅರ್ಹತೆಯೇ ಹೊರತು ಅನುಭವವಲ್ಲ. ಆ ಕೆಲಸದ ಅನುಭವ ಎರಡು ಸ್ಟಾರ್ ಹೊತ್ತು ತಿರುಗುವಾಗಲೇ ಬರುವುದು. ವಾಯುಪಡೆಯಲ್ಲೂ ಹೀಗೆಯೇ: ಟೆಕ್ನಿಕಲ್ ಬ್ರ್ಯಾಂಚಿಗೆ ಬಂದ ಬಿಇ ಪದವೀಧರರು ಬೆಂಗಳೂರಿನ ಜಾಲಹಳ್ಳಿಯ ಏರ್ ಫೋರ್ಸ್ ಟೆಕ್ನಿಕಲ್ ಕಾಲೇಜಿನಲ್ಲಿ ಕಲಿತು, ಎಲ್ಲರಂತೆ, ಭೂಸೇನೆಯ ಲೆಫ್ಟಿನೆಂಟ್‌ಗೆ ಸಮನಾದ ಫ್ಲೈಯಿಂಗ್ ಆಫೀಸರ್ ಆಗಿಯೇ ಕೆಲಸಕ್ಕೆ ಇಳಿಯುತ್ತಾರೆ.

ಶಾರ್ಟ್ ಸರ್ವಿಸ್ ಮುಗಿಸಿದ ವೈದ್ಯ, ಶಿವಮೊಗ್ಗ:

ಐದು ವರ್ಷ ಎಎಂಸಿಯಲ್ಲಿ, ಅಂದರೆ ಆರ್ಮಿ ಮೆಡಿಕಲ್ ಕೋರ್‌ನಲ್ಲಿ, ಇದ್ದು ಬಂದವನಾದ್ದರಿಂದ ಆ ಮೂರು ಸ್ಟಾರಿನ ಒಳಗಿನ ಸಂಗತಿಯನ್ನು ಹೇಳಬಲ್ಲೆ. ಲಖನೌದ ಎಎಂಸಿ ಸೆಂಟರ್ ಅಂಡ್ ಕಾಲೇಜಿನಲ್ಲಿ ವೈದ್ಯಾಧಿಕಾರಿಗಳ ಬೇಸಿಕ್ ಕೋರ್ಸ್ ಮುಗಿಸಿ, ಕಾಲಾಳು ಪಡೆಯ ಒಂದು ಬೆಟಾಲಿಯನ್ನಿಗೆ ಆರ್‌ಎಂಒ, ಅಂದರೆ ಅದರ ವೈದ್ಯಾಧಿಕಾರಿ, ಆಗಿ ಹೋದಾಗ ನನಗೆ ಇಪ್ಪತ್ತೈದು. ಮೊದಲ ದಿನ ಬೆಟಾಲಿಯನ್ನಿನ ಸುಬೇದಾರ್ ಮೇಜರ್, ನಮ್ಮ ತಂದೆಯ ವಯಸ್ಸಿನವರು, ಕಾಲು ಅಪ್ಪಳಿಸಿ ಸೆಲ್ಯೂಟ್ ಹೊಡೆದರು. ನಾನು ಊರಿನ ಅಭ್ಯಾಸದಂತೆ ಕೈ ಮುಗಿಯಲು ಹೋಗಿ, ಅರ್ಧದಲ್ಲಿ ನೆನಪಾಗಿ, ಕೈಯನ್ನು ಹಣೆಗೆ ತಂದೆ. ಎರಡರ ನಡುವಿನ ಆ ಭಂಗಿಯನ್ನು ಅವರು ಕಂಡೂ ಕಾಣದ ಹಾಗೆ ಇದ್ದದ್ದು ಅವರ ದೊಡ್ಡತನ.

ಅದೇ ತಿಂಗಳು ಒಬ್ಬ ಲೆಫ್ಟಿನೆಂಟ್ ಗಸ್ತಿಗೆ ಹೊರಟಾಗ ನಾನೂ ಜೊತೆಗೆ ಹೋಗಬೇಕಾಯಿತು. ಹೆಗಲ ಮೇಲೆ ನೋಡಿದರೆ ನಾನು ಹಿರಿಯ. ಆದರೆ ಎಲ್ಲಿ ನಿಲ್ಲಬೇಕು, ಯಾವ ದಾರಿ ಹಿಡಿಯಬೇಕು, ಯಾವಾಗ ಬಾಯಿ ಮುಚ್ಚಿಕೊಳ್ಳಬೇಕು ಎಂದು ಹೇಳುವವನು ಅವನೇ. ವೈದ್ಯಾಧಿಕಾರಿ ಹೋರಾಡುವ ತುಕಡಿಯನ್ನು ಮುನ್ನಡೆಸುವುದಿಲ್ಲ. ಅವನ ಆಜ್ಞೆ ನಡೆಯುವುದು ಎಂಐ ರೂಮ್ ಎಂಬ ಚಿಕಿತ್ಸಾ ಕೊಠಡಿಯ ಒಳಗೆ, ನರ್ಸಿಂಗ್ ಅಸಿಸ್ಟೆಂಟರ ಮೇಲೆ, ಮುಂದೆ ಹಿರಿಯನಾದರೆ ಫೀಲ್ಡ್ ಆಸ್ಪತ್ರೆಯ ಮೇಲೆ. ಜಿನೀವಾ ಒಪ್ಪಂದವೂ ಇದನ್ನೇ ಬೇಡುತ್ತದೆ. ಕೆಂಪು ಶಿಲುಬೆಯ ರಕ್ಷಣೆ ಬೇಕಾದರೆ ವೈದ್ಯ ಆಯುಧ ಎತ್ತಬೇಕಾದದ್ದು ತನ್ನ ಮತ್ತು ತನ್ನ ರೋಗಿಗಳ ಜೀವ ಉಳಿಸಿಕೊಳ್ಳಲು ಮಾತ್ರ.

ಹಾಗಿದ್ದರೆ ಆ ರ‍್ಯಾಂಕ್ ಯಾಕೆ ಬೇಕು ಎಂದು ಕೇಳಿದರೆ, ಒಂದು ಉದಾಹರಣೆ ಸಾಕು. ಎತ್ತರದ ಪೋಸ್ಟಿಗೆ ಹೊರಟ ಕಂಪನಿಯಲ್ಲಿ ಒಬ್ಬ ಜವಾನನಿಗೆ ಕೆಮ್ಮು, ಉಸಿರಾಟ ಸರಿ ಇಲ್ಲ. ಕಂಪನಿ ಕಮಾಂಡರ್ ಮೇಜರ್, ಅವರಿಗೆ ಒಬ್ಬೊಬ್ಬ ಜವಾನನೂ ಬೇಕು. ‘ಇವನು ಮೇಲೆ ಹೋಗುವಂತಿಲ್ಲ, ಕೆಳಗೆ ಕಳಿಸಿ’ ಎಂದು ಆರ್‌ಎಂಒ ಹೇಳಬೇಕು, ಅದನ್ನು ಅವರು ಕೇಳಬೇಕು. ಎರಡು ಸ್ಟಾರಿನ ಹುಡುಗ ಹೇಳುವುದಕ್ಕೂ ಮೂರು ಸ್ಟಾರಿನವನು ಹೇಳುವುದಕ್ಕೂ ಕೇಳುವ ಕಿವಿಯಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಬಹಳ ಅಲ್ಲ, ಸ್ವಲ್ಪ.

ಇನ್ನೊಂದು ವಿವರ. ಪುಣೆಯಲ್ಲಿರುವ ಸೇನೆಯದೇ ವೈದ್ಯಕೀಯ ಕಾಲೇಜಾದ ಎಎಫ್‌ಎಂಸಿಯಲ್ಲಿ ಓದಿದವರು ಪದವಿ ಮುಗಿದೊಡನೆ ಲೆಫ್ಟಿನೆಂಟ್ ಆಗಿಯೇ ಕಮಿಷನ್ ಪಡೆಯುತ್ತಾರೆ, ಇಂಟರ್ನ್‌ಶಿಪ್ ಮುಗಿದು ವೈದ್ಯರಾಗಿ ಪೂರ್ತಿ ನೋಂದಣಿಯಾದ ಮೇಲೆ ಕ್ಯಾಪ್ಟನ್. ಹೊರಗಿನಿಂದ ಬರುವ ನಮ್ಮಂಥವರು ನೋಂದಣಿ ಮುಗಿಸಿಕೊಂಡೇ ಅರ್ಜಿ ಹಾಕುವುದರಿಂದ ಆ ಮೆಟ್ಟಿಲು ನಮಗೆ ಕಾಣಿಸುವುದಿಲ್ಲ. ಆದ್ದರಿಂದ ಮೂರನೆಯ ಸ್ಟಾರ್ ಅಂಟಿಕೊಂಡಿರುವುದು ಎಂಬಿಬಿಎಸ್ ಎಂಬ ಕಾಗದಕ್ಕಲ್ಲ, ಸ್ವತಂತ್ರವಾಗಿ ಚಿಕಿತ್ಸೆ ಕೊಡುವ ಪರವಾನಗಿಗೆ.

ಹುಬ್ಬಳ್ಳಿಯ ಸೋದರಮಾವ:

ಡಾಕ್ಟರೇ, ಆ ಕೊನೆಯ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ತಂಗಿ ಮೌನವಾದಳು, ಆಮೇಲೆ ‘ಸಂಬಳ?’ ಎಂದಳು. ಯಾರಾದರೂ ಹೇಳಬಹುದೇ?

ಬಿಇ ಪದವೀಧರ, ದಾವಣಗೆರೆ:

ಏಳನೆಯ ವೇತನ ಆಯೋಗದ ಪ್ರಕಾರ ಲೆಫ್ಟಿನೆಂಟ್‌ಗೆ ಮೂಲವೇತನ ತಿಂಗಳಿಗೆ 56,100 ರೂಪಾಯಿಯಿಂದ, ಕ್ಯಾಪ್ಟನ್‌ಗೆ 61,300 ರೂಪಾಯಿಯಿಂದ ಆರಂಭ. ಮಿಲಿಟರಿ ಸರ್ವಿಸ್ ಪೇ 15,500 ಇಬ್ಬರಿಗೂ ಒಂದೇ. ಸ್ಟಾರಿನ ಬೆಲೆ ಇಷ್ಟೇ ನೋಡಿ, 5,200. ನಿಜವಾದ ಅಂತರ ಬರುವುದು ಎನ್‌ಪಿಎಯಿಂದ. ಖಾಸಗಿ ಪ್ರಾಕ್ಟೀಸ್ ಮಾಡದೆ ಇರುವುದಕ್ಕಾಗಿ ವೈದ್ಯರಿಗೆ ಮೂಲವೇತನದ ಶೇಕಡಾ 20ರಷ್ಟು ಕೊಡುತ್ತಾರೆ, ಕ್ಯಾಪ್ಟನ್‌ಗೆ ಅದು 12,260. ಎರಡೂ ಸೇರಿ 17,460, ತುಟ್ಟಿಭತ್ಯೆ ಬೇರೆ. ನಾನು ಇದಕ್ಕೆ ಹೊಟ್ಟೆ ಉರಿದುಕೊಳ್ಳುವುದಿಲ್ಲ. ಊರಿನಲ್ಲಿ ಕ್ಲಿನಿಕ್ ಹಾಕಿದರೆ ಡಾಕ್ಟರು ಎಷ್ಟು ದುಡಿಯುತ್ತಾರೆ ಎಂಬುದು ದಾವಣಗೆರೆಯವನಾದ ನನಗೆ ಚೆನ್ನಾಗಿಯೇ ಗೊತ್ತು.

ವಕೀಲೆ, ಧಾರವಾಡ:

ಇಂಜಿನಿಯರ್ ಸಹೋದರರು ಏಳೂವರೆ ವರ್ಷ ಎಂದು ನೊಂದುಕೊಂಡಿದ್ದಾರೆ, ನಮ್ಮ ಲೆಕ್ಕವನ್ನೂ ಕೇಳಲಿ. ಪಿಯುಸಿ ಆದ ಮೇಲೆ ಐದು ವರ್ಷದ ಕಾನೂನು ಪದವಿ, ಅದರಲ್ಲಿ ಕನಿಷ್ಠ ಶೇಕಡಾ 55 ಅಂಕ, ಈಗ ಕ್ಲ್ಯಾಟ್ ಸ್ನಾತಕೋತ್ತರ ಪರೀಕ್ಷೆಯ ಅಂಕವೂ ಬೇಕು, ಮೇಲೆ ಎಸ್‌ಎಸ್‌ಬಿ. ಇಷ್ಟೂ ದಾಟಿದ ಮೇಲೆ ಚೆನ್ನೈನ ಅಕಾಡೆಮಿಯಲ್ಲಿ 49 ವಾರ. ಆರು ವರ್ಷ ಕಳೆದು ಸೇನೆಯ ಕಾನೂನು ವಿಭಾಗವಾದ ಜಡ್ಜ್ ಅಡ್ವೊಕೇಟ್ ಜನರಲ್ ವಿಭಾಗಕ್ಕೆ ಕಾಲಿಡುವಾಗ ಲೆಫ್ಟಿನೆಂಟ್, ಎಂಟನೆಯ ವರ್ಷಕ್ಕೆ ಕ್ಯಾಪ್ಟನ್. ಓದಿದ್ದನ್ನು ಓದಿದ ಹಾಗೆಯೇ ಬಳಸುವ ಕೆಲಸ ಎಂದು ಸ್ಯಾಪರ್ ಸಾಹೇಬರು ವೈದ್ಯರ ಬಗ್ಗೆ ಹೇಳಿದ್ದು ನಮಗೂ ಒಪ್ಪುತ್ತದೆ. ಕೋರ್ಟ್ ಮಾರ್ಷಲ್‌ನಲ್ಲಿ ಕುಳಿತು ಸೇನಾ ಕಾಯ್ದೆಯ ಪ್ರಶ್ನೆಗೆ ಸಲಹೆ ಕೊಡುವುದು ಕಾನೂನು ಓದಿದವರ ಕೆಲಸವೇ. ಪರವಾನಗಿಯ ತರ್ಕವೂ ನಮಗೆ ಅನ್ವಯಿಸುತ್ತದೆ, ನಾವೂ ಬಾರ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳುವ ಅರ್ಹತೆ ಉಳ್ಳವರೇ ಆಗಿರಬೇಕು. ಆದರೂ ಎರಡೇ ಸ್ಟಾರ್.

ಹೀಗಾಗಿ ವರ್ಷಗಳ ಪರಿಹಾರ ಎಂಬ ವಿವರಣೆ ಅರ್ಧ ಮಾತ್ರ ನಿಜ ಎಂದು ನನ್ನ ಅನಿಸಿಕೆ. ಗೆರೆ ಬಿದ್ದಿರುವುದು ಬೇರೆ ಕಡೆ. ಯಾರು ಅಕಾಡೆಮಿಯ ಕವಾಯತು ಮೈದಾನವನ್ನು ದಾಟಿ ಬರುತ್ತಾರೋ ಅವರೆಲ್ಲರೂ, ಏನೇ ಓದಿರಲಿ, ಎರಡು ಸ್ಟಾರಿನಿಂದ ಶುರು. ಯಾರನ್ನು ಆ ಮೈದಾನಕ್ಕೆ ಕಳಿಸದೆ ನೇರವಾಗಿ ತೆಗೆದುಕೊಳ್ಳುತ್ತಾರೋ ಅವರಿಗೆ ಮೂರು. ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ, ಹೆಚ್ಚು ಕಷ್ಟಪಟ್ಟವರಿಗೆ ಕಡಿಮೆ ಎಂದು. ಆದರೆ ಒಳಗಿನ ಅರ್ಥ ಬೇರೆ: ಮೈದಾನ ದಾಟಿದವರು ಒಂದೇ ಸಾಲಿನ ಜನ, ಅವರ ನಡುವೆ ಹಿರಿತನ ಕಿರಿತನದ ಗೊಂದಲ ಸೇನೆಗೆ ಬೇಡ, ವೈದ್ಯರ ಸಾಲೇ ಬೇರೆ, ಅವರ ಬಡ್ತಿಯ ಪಟ್ಟಿಯೇ ಬೇರೆ, ಅಲ್ಲಿ ಎಲ್ಲರೂ ಕ್ಯಾಪ್ಟನ್‌ನಿಂದ ಶುರು ಮಾಡಿದರೆ ಯಾರಿಗೂ ತೊಂದರೆಯಿಲ್ಲ. ಮಾಮನವರ ಅಕ್ಕನ ಮಗಳೂ ತಂಗಿಯ ಮಗನೂ ಒಂದೇ ಏಣಿಯಲ್ಲಿ ಇಲ್ಲವೇ ಇಲ್ಲ.

ಪಶುವೈದ್ಯ, ಬೀದರ್:

ಪಶುವೈದ್ಯರನ್ನು ಹೆಸರಿಗೆ ಮಾತ್ರ ಹೇಳಿ ಮುಂದೆ ಹೋದಿರಿ, ಪರವಾಗಿಲ್ಲ, ಅಭ್ಯಾಸವಾಗಿದೆ. ಬಿವಿಎಸ್‌ಸಿ ಅಂಡ್ ಎಎಚ್ ಸಹ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ನಮ್ಮವರಿಗೂ ಸೇರಿದಾಗಲೇ ಕ್ಯಾಪ್ಟನ್ ಪಟ್ಟ, ನಮಗೂ ಎನ್‌ಪಿಎ. ವ್ಯತ್ಯಾಸವೆಂದರೆ ನಮ್ಮನ್ನು ಎಸ್‌ಎಸ್‌ಬಿಗೆ ಕಳಿಸುತ್ತಾರೆ, ಎಂಬಿಬಿಎಸ್‌ನವರಿಗೆ ದೆಹಲಿಯ ಸಂದರ್ಶನ ಸಾಕು. ಸೀಟುಗಳು ಬೆರಳೆಣಿಕೆಯಷ್ಟು. ಮೀರತ್‌ನ ಆರ್‌ವಿಸಿ ಸೆಂಟರ್ ಅಂಡ್ ಕಾಲೇಜ್ ನಮ್ಮ ತವರುಮನೆ. ಮುಧೋಳ ನಾಯಿಗಳನ್ನು ಸೇನೆ ಮೊದಲ ಬಾರಿಗೆ ಪರೀಕ್ಷಿಸಲು ತೆಗೆದುಕೊಂಡಾಗ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಿಂದ ಮರಿಗಳು ಹೋದದ್ದು ಅಲ್ಲಿಗೇ. ರಸ್ತೆ ಮುಗಿಯುವ ಕಡೆಯಿಂದ ಆಚೆ ಗುಡ್ಡದ ಪೋಸ್ಟಿಗೆ ಅಕ್ಕಿ, ಸೀಮೆಎಣ್ಣೆ ಹೊತ್ತು ನಡೆಯುವುದು ಹೇಸರಗತ್ತೆ; ಅದರ ಕಾಲಿಗೆ ಏಟಾದರೆ ಪೋಸ್ಟಿನ ಊಟಕ್ಕೆ ಏಟು. ವಕೀಲರ ಅಕಾಡೆಮಿಯ ಸಿದ್ಧಾಂತ ನಮ್ಮ ಮಟ್ಟಿಗೂ ಸರಿಹೊಂದುತ್ತದೆ.

ಶುಶ್ರೂಷಾಧಿಕಾರಿ, ಬೆಂಗಳೂರು:

ಸರಿಹೊಂದದ ಒಂದು ಉದಾಹರಣೆ ಇಲ್ಲಿದೆ. ಮಿಲಿಟರಿ ನರ್ಸಿಂಗ್ ಸರ್ವಿಸ್‌ಗೆ ಬರುವವರು ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್ ಓದಿದವರು, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರು. ಅದನ್ನು ಕಲಿಸುವ ಸೇನಾ ಕಾಲೇಜುಗಳಲ್ಲಿ ಒಂದು ನಮ್ಮ ಬೆಂಗಳೂರಿನ ಕಮಾಂಡ್ ಹಾಸ್ಪಿಟಲ್ ಏರ್ ಫೋರ್ಸ್‌ನಲ್ಲಿಯೇ ಇದೆ. ನಾವು ಡೆಹ್ರಾಡೂನಿನ ಮೈದಾನವನ್ನೂ ದಾಟುವುದಿಲ್ಲ, ಚೆನ್ನೈನ ಮೈದಾನವನ್ನೂ ದಾಟುವುದಿಲ್ಲ, ನೇರವಾಗಿ ವಾರ್ಡಿಗೆ ಹೋಗುತ್ತೇವೆ, ಆದರೂ ಲೆಫ್ಟಿನೆಂಟ್. ಮಿಲಿಟರಿ ಸರ್ವಿಸ್ ಪೇ ಬೇರೆ ಅಧಿಕಾರಿಗಳಿಗೆ 15,500 ಆದರೆ ನಮಗೆ 10,800. ರಾತ್ರಿ ಪಾಳಿಯಲ್ಲಿ ಎದೆನೋವಿನ ರೋಗಿಯ ಮಾನಿಟರ್ ನೋಡುತ್ತ ನಿಂತಿರುವ ಲೆಫ್ಟಿನೆಂಟ್‌ಗೂ, ಫೋನಿಗೆ ಎದ್ದು ಬರುವ ಹೊಸ ಕ್ಯಾಪ್ಟನ್‌ಗೂ ಪದವಿಯಲ್ಲಿ ವರ್ಷಗಳ ಅಂತರವಿದೆ ಎಂಬುದನ್ನು ಒಪ್ಪುತ್ತೇನೆ. ಸರ್ವಿಸ್ ಪೇ ಅಂತರಕ್ಕೆ ಮಾತ್ರ ನನಗೆ ಯಾವ ತರ್ಕವೂ ಸಿಕ್ಕಿಲ್ಲ.

ಹಳೆಯ ಕಾಗದಗಳ ಓದುಗ, ಮೈಸೂರು:

ಪದವಿಗೆ ತಕ್ಕ ಪಟ್ಟ ಎಂಬ ಪದ್ಧತಿ ಬ್ರಿಟಿಷರ ಕಾಲದಲ್ಲಿ ಇನ್ನೂ ಕಟುವಾಗಿತ್ತು. ನಮ್ಮ ತಾತಂದಿರ ಊರುಗಳಲ್ಲಿ ‘ಎಲ್‌ಎಂಪಿ ಡಾಕ್ಟರು’ ಎಂಬುವರಿದ್ದರಲ್ಲ, ವೈದ್ಯಕೀಯ ಶಾಲೆಯಲ್ಲಿ ಲೈಸೆನ್ಷಿಯೇಟ್ ಕೋರ್ಸ್ ಮಾಡಿದವರು, ಅವರು ಸೇನೆಗೆ ಸೇರಿದರೆ ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್‌ನಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗುತ್ತಿದ್ದರು. ಅವರ ಪಟ್ಟ ಜಮಾದಾರ್, ಮುಂದೆ ಸುಬೇದಾರ್. ಅಂದರೆ ವೈಸರಾಯ್ ಕಮಿಷನ್, ಪೂರ್ಣ ಅಧಿಕಾರಿಯಲ್ಲ. ವಿಶ್ವವಿದ್ಯಾಲಯದ ಪದವಿ ಇದ್ದು ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಆಯ್ಕೆಯಾದವನು ಲೆಫ್ಟಿನೆಂಟ್. ಒಂದೇ ಆಸ್ಪತ್ರೆ, ಒಂದೇ ಮಲೇರಿಯಾ, ಒಂದೇ ಕ್ವಿನೈನ್, ಆದರೆ ಒಬ್ಬರು ಮತ್ತೊಬ್ಬರ ಮೆಸ್ಸಿನಲ್ಲಿ ಊಟಕ್ಕೆ ಕೂರುವಂತಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ವೈದ್ಯರ ಕೊರತೆ ಕುತ್ತಿಗೆಗೆ ಬಂದ ಮೇಲೆ, 1943ರ ಏಪ್ರಿಲ್ 3ರಂದು ಈ ಸೇವೆಗಳನ್ನು ಒಟ್ಟುಗೂಡಿಸಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಕಟ್ಟಿದರು. ಲೈಸೆನ್ಷಿಯೇಟ್ ವೈದ್ಯರಿಗೂ ಪೂರ್ಣ ಕಮಿಷನ್ನಿನ ಬಾಗಿಲು ತೆರೆಯಿತು. 1950ರ ನಂತರ ಅದೇ ಆರ್ಮಿ ಮೆಡಿಕಲ್ ಕೋರ್. ನನಗೆ ತೋರುವುದೇನೆಂದರೆ, ಯಾವ ಪದವಿಗೆ ಎಷ್ಟು ಸ್ಟಾರ್ ಎಂಬುದನ್ನು ತತ್ವಕ್ಕಿಂತ ಹೆಚ್ಚಾಗಿ ಪೇಟೆ ನಿರ್ಧರಿಸುತ್ತದೆ. ಹೊರಗೆ ಯಾರು ಸುಲಭಕ್ಕೆ ಸಿಗುವುದಿಲ್ಲವೋ ಅವರಿಗೆ ಮೆಟ್ಟಿಲು ತಾನಾಗಿ ಕೆಳಗೆ ಇಳಿದು ಬರುತ್ತದೆ.

ವರ್ಜೀನಿಯಾದಲ್ಲಿರುವ ಕನ್ನಡಿಗ:

ಪೇಟೆಯ ಮಾತು ಬಂದದ್ದರಿಂದ ಇಲ್ಲಿಯ ಸಂಗತಿ ಹೇಳುತ್ತೇನೆ. ಅಮೆರಿಕದಲ್ಲಿ ಇದಕ್ಕೆ ಕಾನೂನಿನಲ್ಲೇ ಲೆಕ್ಕವಿದೆ. ಅಧಿಕಾರಿಯ ಕೆಲಸಕ್ಕೆ ಬೇಕಾದ ಮೇಲ್ಪದವಿಯ ವರ್ಷಗಳನ್ನು ಸೇವೆ ಮಾಡಿದ ವರ್ಷಗಳಂತೆಯೇ ಎಣಿಸುತ್ತಾರೆ. ನಾಲ್ಕು ವರ್ಷದ ವೈದ್ಯಕೀಯ ಕಾಲೇಜು ಮುಗಿಸಿದವನು ಕ್ಯಾಪ್ಟನ್. ಮೂರು ವರ್ಷದ ಲಾ ಸ್ಕೂಲ್ ಮುಗಿಸಿದವನು ಭೂಸೇನೆಗೆ ಫಸ್ಟ್ ಲೆಫ್ಟಿನೆಂಟ್ ಆಗಿ ಸೇರಿ ಕೆಲವೇ ತಿಂಗಳಲ್ಲಿ ಕ್ಯಾಪ್ಟನ್ ಆಗುತ್ತಾನೆ. ಧಾರವಾಡದ ವಕೀಲರು ಇಲ್ಲಿ ಹುಟ್ಟಬೇಕಾಗಿತ್ತು. ಪಾದ್ರಿಗಳೂ ಇಲ್ಲಿ ಅಧಿಕಾರಿಗಳೇ. ಬ್ರಿಟನ್ನಿನಲ್ಲಿ ಸಾಮಾನ್ಯ ಅಧಿಕಾರಿಗಳು 44 ವಾರ ಕಳೆಯುವ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಗೆ ವೈದ್ಯರು, ಪಶುವೈದ್ಯರು, ವಕೀಲರು ಹೋಗುತ್ತಾರೆ, ಆದರೆ ಅವರಿಗೆಂದೇ ಇರುವ ಚಿಕ್ಕ ಕೋರ್ಸಿಗೆ. ಅಲ್ಲಿಗೆ ಮೈದಾನ ದಾಟಿದರೂ ಮೂರು ಸ್ಟಾರ್ ಸಾಧ್ಯ ಎಂದಾಯಿತು.

ಈಗಿನ ದೊಡ್ಡ ಗಲಾಟೆ ಕಂಪ್ಯೂಟರ್ ತಜ್ಞರದು. 2025ರ ಜೂನ್‌ನಲ್ಲಿ ಇಲ್ಲಿಯ ಭೂಸೇನೆ ‘ಡಿಟ್ಯಾಚ್‌ಮೆಂಟ್ 201’ ಎಂಬ ಘಟಕ ತೆರೆದು, ಪ್ಯಾಲೆಂಟಿರ್, ಮೆಟಾ, ಓಪನ್‌ಎಐ ಮುಂತಾದ ಕಂಪನಿಗಳ ಹಿನ್ನೆಲೆಯ ನಾಲ್ವರು ತಂತ್ರಜ್ಞರನ್ನು ಮೀಸಲು ಪಡೆಗೆ ನೇರವಾಗಿ ಲೆಫ್ಟಿನೆಂಟ್ ಕರ್ನಲ್ ಮಾಡಿತು. ನಮ್ಮಲ್ಲಿ ಆ ಪಟ್ಟಕ್ಕೆ ಹದಿಮೂರು ವರ್ಷ ಬೇಕು ಎಂದು ಸ್ಯಾಪರ್ ಸಾಹೇಬರು ಮೇಲೆ ಬರೆದಿದ್ದಾರೆ. ಈ ತಂತ್ರಜ್ಞರದ್ದು ಪೂರ್ಣಾವಧಿಯ ಕೆಲಸವಲ್ಲ, ಸಲಹೆಯ ಕೆಲಸ, ಸೈನಿಕರನ್ನು ಮುನ್ನಡೆಸುವುದಿಲ್ಲ ಎಂಬುದು ನಿಜ. ಆದರೂ ನನ್ನ ಪಕ್ಕದ ಮನೆಯ ನಿವೃತ್ತ ಸಾರ್ಜೆಂಟ್ ಆ ಸುದ್ದಿ ಓದಿದ ದಿನ ಹುಲ್ಲು ಕತ್ತರಿಸುವ ಯಂತ್ರವನ್ನು ಅರ್ಧಕ್ಕೆ ನಿಲ್ಲಿಸಿ ಬಂದು ನನ್ನ ಜೊತೆ ಮುಕ್ಕಾಲು ಗಂಟೆ ಮಾತಾಡಿದ.

ಬಿಇ ಪದವೀಧರ, ದಾವಣಗೆರೆ:

ನೋಡಿ, ಇಂಜಿನಿಯರಿಗೂ ಒಂದು ಕಾಲ ಬರುತ್ತದೆ. ಧೋನಿಯವರಿಗೆ ಲೆಫ್ಟಿನೆಂಟ್ ಕರ್ನಲ್ ಕೊಟ್ಟದ್ದು ಯಾವ ಪದವಿಗೆ ಎಂದು ಮಾತ್ರ ಕೇಳಬೇಡಿ.

ಸ್ಯಾಪರ್, ನಿವೃತ್ತ, ಮಡಿಕೇರಿ:

2011ರಲ್ಲಿ ಟೆರಿಟೋರಿಯಲ್ ಆರ್ಮಿಯಲ್ಲಿ ಅವರಿಗೆ ಕೊಟ್ಟದ್ದು ಗೌರವ ರ‍್ಯಾಂಕ್, ಅದನ್ನು ಈ ಚರ್ಚೆಗೆ ತರಬೇಡಿ. ಟೆರಿಟೋರಿಯಲ್ ಆರ್ಮಿಗೆ ಪರೀಕ್ಷೆ ಬರೆದು ಬರುವ ಉದ್ಯೋಗಸ್ಥರು, ಅವರು ಎಷ್ಟೇ ದೊಡ್ಡ ಕಂಪನಿಯ ಮ್ಯಾನೇಜರ್ ಆಗಿರಲಿ, ಲೆಫ್ಟಿನೆಂಟ್‌ಗಳೇ. ನಿಮ್ಮ ಕಾಲೇಜಿನ ಎನ್‌ಸಿಸಿ ಮೇಷ್ಟ್ರ ಹೆಗಲ ಮೇಲಿನ ಎರಡು ಸ್ಟಾರ್ ಸಹ ಬೇರೆ ಬಗೆಯದು, ಅದು ಎನ್‌ಸಿಸಿಯೊಳಗಿನ ಕಮಿಷನ್.

ವರ್ಜೀನಿಯಾದವರು ಪಾದ್ರಿಗಳ ಮಾತೆತ್ತಿದ್ದರಿಂದ ಒಂದನ್ನು ಸೇರಿಸುತ್ತೇನೆ. ವಿದ್ಯಾರ್ಹತೆ ಆರಂಭದ ರ‍್ಯಾಂಕನ್ನು ಎತ್ತುವುದು ಅಧಿಕಾರಿಗಳಲ್ಲಿ ಮಾತ್ರವಲ್ಲ. ರೆಜಿಮೆಂಟಿನ ಮಂದಿರದಲ್ಲಿ ಪೂಜೆ ಮಾಡುವ ಪಂಡಿತರು, ಗ್ರಂಥಿಗಳು, ಮೌಲ್ವಿಗಳು, ಪಾದ್ರಿಗಳು ನಮ್ಮಲ್ಲಿ ಧರ್ಮಗುರು ಎಂಬ ಹುದ್ದೆಗೆ ನೇರವಾಗಿ ನಾಯಬ್ ಸುಬೇದಾರ್ ಆಗಿ ಸೇರುತ್ತಾರೆ. ಜವಾನನಾಗಿ ಸೇರಿದವನು ಆ ಪಟ್ಟಕ್ಕೆ ಬರುವಾಗ ತಲೆಗೂದಲು ನೆರೆತಿರುತ್ತದೆ. ಪಾಠ ಹೇಳುವ ಎಜುಕೇಷನ್ ಹವಾಲ್ದಾರರೂ ಸೇರುವಾಗಲೇ ಹವಾಲ್ದಾರರು. ವಕೀಲರು ಹೇಳಿದ ಬೇರೆ ಬೇರೆ ಏಣಿಗಳ ಮಾತು ಇಲ್ಲಿಗೂ ಹೊಂದುತ್ತದೆ, ನಾನು ಕೊಟ್ಟ ವರ್ಷಗಳ ವಿವರಣೆಗಿಂತ ಅದು ಹೆಚ್ಚು ದೂರ ಹೋಗುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ಏಣಿ ಬೇರೆಯಾದ್ದರಿಂದಲೇ ವೈದ್ಯರು ಮೂರು ಪಡೆಗಳ ನಡುವೆ ಹಾರಬಲ್ಲರು: ಭೂಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಆದ ಮೊದಲ ಮಹಿಳೆ ಪುನೀತಾ ಅರೋರಾ ಅವರು ಆಮೇಲೆ ನೌಕಾಪಡೆಗೆ ಹೋಗಿ ಸರ್ಜನ್ ವೈಸ್ ಅಡ್ಮಿರಲ್ ಆದರು. ಸ್ಯಾಪರ್ ಒಬ್ಬ ಹಾಗೆ ಹಡಗು ಹತ್ತಲು ಸಾಧ್ಯವೇ?

ಸೋದರಮಾವನವರೇ, ನಿಮ್ಮ ತಂಗಿಗೆ ಇದನ್ನು ಹೇಳಿ. ಮೂರು ಸ್ಟಾರ್ ಇದ್ದರೂ ಆ ಹುಡುಗಿ ಅವನ ತುಕಡಿಗೆ ಆಜ್ಞೆ ಕೊಡುವಂತಿಲ್ಲ, ಎರಡೇ ಇದ್ದರೂ ಮೂವತ್ತು ಜನ ಅವನ ಮಾತಿಗೆ ಕಾಯುತ್ತಾರೆ. ಒಂದು ವರ್ಷದ ಆಂಟಿಡೇಟ್ ಹೋದದ್ದು ಮಾತ್ರ ನಿಜವಾದ ನಷ್ಟ. ಅದು ಮುಂದೆ ಮೇಜರ್, ಲೆಫ್ಟಿನೆಂಟ್ ಕರ್ನಲ್ ಬಡ್ತಿಗಳನ್ನೂ ಒಂದೊಂದು ವರ್ಷ ತಳ್ಳುತ್ತದೆ. ಅದರ ಬಗ್ಗೆ ಅವಳು ಸಿಟ್ಟು ಮಾಡಿಕೊಂಡರೆ ನಾನೂ ಅವಳ ಪಂಕ್ತಿಯಲ್ಲೇ ಕೂರುತ್ತೇನೆ.

ಹುಬ್ಬಳ್ಳಿಯ ಸೋದರಮಾವ:

ಎಲ್ಲರಿಗೂ ವಂದನೆಗಳು. ಚರ್ಚೆಯನ್ನು ಪ್ರಿಂಟ್ ಮಾಡಿಸಿ ಮನೆಯಲ್ಲಿ ಇಟ್ಟಿದ್ದೆ. ತಂಗಿಯ ಮಗ ರಜೆಗೆ ಬಂದಾಗ ಓದಿದ. ಅಕ್ಕನ ಮಗಳ ವಿಷಯದಲ್ಲಿ ತನಗೆ ಯಾವತ್ತೂ ಬೇಸರವಿರಲಿಲ್ಲವಂತೆ, ಅಮ್ಮನ ಬೇಸರ ಅಮ್ಮನದ್ದೇ ಎಂದ. ಎನ್‌ಪಿಎ ಲೆಕ್ಕ ನೋಡಿ ಮಾತ್ರ ಒಮ್ಮೆ ಹುಬ್ಬೇರಿಸಿ, ಅವಳಿಗೆ ಫೋನು ಹಚ್ಚಿ ಬೈಕಿಗೆ ಹೊಸ ಟೈರ್ ಹಾಕಿಸಿಕೊಡು ಎಂದು ಕೇಳಿದ. ಅವನಿಗೆ ಬರುವ ವರ್ಷ ಜೂನ್‌ಗೆ ಎರಡು ವರ್ಷ ತುಂಬುತ್ತದೆ, ಮೂರನೆಯ ಸ್ಟಾರ್ ಆಗ. ಅಲ್ಲಿಯವರೆಗೆ ಮನೆಯಲ್ಲಿ ಹಿರಿಯಳು ಅವಳೇ. ಇದನ್ನು ತಂಗಿಗೆ ತಿಳಿಸುವ ಕೆಲಸವನ್ನು ಅಕ್ಕನಿಗೇ ಬಿಟ್ಟಿದ್ದೇನೆ.